ಮೃಗಶಿರಾ ಹಿಡಿಯುವ ಮೊದಲೇ ಡಬ್ಬಿ ತುಂಬಿರಲಿ

ಟಿವಿಯಲ್ಲಿ ರೆಡ್ ಅಲರ್ಟ್ ಅಂತ ಬಂದ ಸಂಜೆ ಸಕಲೇಶಪುರದ ಪೇಟೆ ನೋಡಬೇಕು. ಹೊಸ ಸಂಸಾರದವರೆಲ್ಲ ಬ್ರೆಡ್ಡು, ಹಾಲಿನ ಪ್ಯಾಕೆಟ್ಟು, ಕೊತ್ತಂಬರಿ ಸೊಪ್ಪು, ರೆಡಿ ಇಡ್ಲಿ ಹಿಟ್ಟು ಹೊತ್ತು ಓಡುತ್ತಿರುತ್ತಾರೆ. ತಂದದ್ದೆಲ್ಲ ಫ್ರಿಜ್ಜಿಗೆ ತುರುಕುತ್ತಾರೆ. ರಾತ್ರಿ ಗಾಳಿಗೆ ತೋಟದ ಸಿಲ್ವರ್ ಓಕ್ ಲೈನಿನ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತೋ ದೇವರಿಗೇ ಗೊತ್ತು. ಹಿಟ್ಟು ಹುಳಿ ಬಂದು ಉಕ್ಕಿ, ಹಾಲು ಒಡೆದು, ಸೊಪ್ಪು ಕೊಳೆತು ಮನೆಯೆಲ್ಲ ನಾತ. ಇದಕ್ಕೆ ದಾಸ್ತಾನು ಅಂತಾರೇನ್ರವ್ವ?

ಮಲೆನಾಡಿನ ದಾಸ್ತಾನು ಮೃಗಶಿರಾ ಮಳೆ ಹಿಡಿಯುವ ಮೊದಲೇ, ಅಂದರೆ ಜೂನ್ ಮೊದಲ ವಾರದೊಳಗೆ ಮುಗಿದಿರಬೇಕು. ಆರಿದ್ರಾ ಬಂದಮೇಲೆ ಅಂಗಡಿಯಲ್ಲಿ ಸಾಮಾನು ಸಿಗೋದಿಲ್ಲ ಅಂತಲ್ಲ, ಆಮೇಲೆ ತಂದ ಯಾವುದನ್ನೂ ಒಣಗಿಸೋಕೆ ಬಿಸಿಲಿರೋದಿಲ್ಲ. ಗಾಳಿಯೇ ಒದ್ದೆ ಇರುವಾಗ ಅಕ್ಕಿ, ಬೇಳೆ, ಮೆಣಸಿನಕಾಯಿ ಎಲ್ಲವೂ ಆ ತೇವ ಎಳೆದುಕೊಳ್ಳುತ್ತವೆ. ಇನ್ನು ದಾರಿಯ ಮಾತು ಬೇರೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡಗಳೇ ಜರಿದವು. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಪಲಿನಲ್ಲಿ ಹೆದ್ದಾರಿಗೇ ಮಣ್ಣು ಬಂದು ಕೂತಿತು. ಅಂಥ ಹೊತ್ತಲ್ಲಿ ಮೊಬೈಲಿನಲ್ಲಿ ಬುಕ್ ಮಾಡಿದ ತರಕಾರಿಗೆ ಕಾಯ್ತಾ ಕೂರಬೇಡಿ.

ಹುರುಳಿಯನ್ನು ಎರಡು ಬಿಸಿಲು ಕಾಯಿಸಿ, ಜರಡಿ ಹಿಡಿದ ಒಲೆ ಬೂದಿ ಬೆರೆಸಿ ಡಬ್ಬಿಯ ಕಂಠದವರೆಗೂ ತುಂಬಿ. ಹುಳದ ಮೊಟ್ಟೆ ಹೊಲದಿಂದಲೇ ಕಾಳಿಗೆ ಅಂಟಿಕೊಂಡು ಬಂದಿರುತ್ತೆ. ಬೂದಿ ಸಂದಿಯೆಲ್ಲ ತುಂಬಿದರೆ ಹುಟ್ಟಿದ ಹುಳ ಓಡಾಡೋಕಾಗದೆ ಒಣಗಿ ಸಾಯುತ್ತೆ. ತೊಗರಿಬೇಳೆಗೆ ಕೇಜಿಗೊಂದು ಸಣ್ಣ ಚಮಚ ಹರಳೆಣ್ಣೆ ಸವರಿ, ಬೇಯಿಸುವಾಗ ಬಿಸಿನೀರಲ್ಲಿ ತೊಳೆದರಾಯಿತು. ಒಣಮೆಣಸಿನಕಾಯಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು. ನಾಲ್ಕು ಕಾಯಿ ಮುರಿದು ನೋಡಿ, ಒಳಗೆ ಬೂದುಬಣ್ಣದ ಬೂಷ್ಟು ಕಂಡರೆ ಆ ಮೂಟೆಯೇ ಬೇಡ. ಆರಿಸಿ ಉಳಿಸಿಕೊಳ್ಳುವ ಜಿಪುಣತನ ಮಾಡಬೇಡಿ. ಬೆಲ್ಲ ನೀರೊಡೆಯುತ್ತೆ, ಅದಕ್ಕೆ ಜಾಗ ಒಲೆಯ ಮೇಲಿನ ಅಟ್ಟ. ಹಿಂದೆ ಹಲಸಿನ ಹಪ್ಪಳ, ಬಾಳಕದ ಮೆಣಸು, ಬಿತ್ತನೆ ಬೀಜ ಎಲ್ಲ ಆ ಹೊಗೆಯಲ್ಲೇ ಮಳೆಗಾಲ ಕಳೆಯುತ್ತಿದ್ದವು. ಈಗ ಗ್ಯಾಸು, ಅಟ್ಟವಿಲ್ಲ. ಗಾಳಿಯಾಡದ ಡಬ್ಬಿಯಾದರೂ ಇರಲಿ. ಬೆಂಕಿಪೊಟ್ಟಣವನ್ನು ಅಕ್ಕಿ ಡಬ್ಬಿಯೊಳಗೇ ಇಡಿ.

ಅಂದಹಾಗೆ, ಉಗ್ರಾಣದಲ್ಲಿ ಹಗ್ಗ ಕಟ್ಟಿ ಒದ್ದೆ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ. ಬಟ್ಟೆಯ ನೀರೆಲ್ಲ ಹೋಗಿ ಕೂರೋದು ನಿಮ್ಮ ಅಕ್ಕಿ ಮೂಟೆಯಲ್ಲೇ. ಬಟ್ಟೆಗೆ ಬಚ್ಚಲೊಲೆಯ ಮಗ್ಗುಲಿದೆ. ಅಲ್ಲಿಯೂ ಜೀನ್ಸ್ ಪ್ಯಾಂಟನ್ನು ಒಳಗಿನ ಮೈ ಹೊರಗೆ ಮಾಡಿ ಹಾಕಿದರೇ ಜೇಬು ಒಣಗೋದು.

ಇನ್ನು ಉಂಡೆ ಕಡುಬಿನ ತರಿ, ಅಂದರೆ ಅಕ್ಕಿ ಒಡೆಸಿದ ರವೆ. ಅಂಗಡಿಯ ಪ್ಯಾಕೆಟ್ ರವೆಯಲ್ಲಿ ಕಡುಬು ಕಟ್ಟಿ, ಒಡೆದುಹೋಯಿತು, ಅಂಟಾಯಿತು ಅಂತ ಗೊಣಗುವವರು ಇದನ್ನು ಮನಸ್ಸಿಟ್ಟು ಓದಿ. ಮಳೆಯಲ್ಲಿ ಕರೆಂಟಿಲ್ಲದಾಗ ಮಿಕ್ಸಿ ತಿರುಗೋದಿಲ್ಲ, ಆದ್ದರಿಂದ ತರಿ ಮೇ ತಿಂಗಳಲ್ಲೇ ಆಗಬೇಕು. ಇಂಟಾನ್ ತಳಿಯಂಥ ದಪ್ಪ ಅಕ್ಕಿ, ಕನಿಷ್ಠ ಆರು ತಿಂಗಳು ಹಳೆಯದು ತಗೊಳ್ಳಿ. ಹೊಸ ಅಕ್ಕಿ ಬೆಂದರೆ ಮೇಣದಂತಾಗುತ್ತೆ. ಕುಸುಬಲಕ್ಕಿ ಬೇಡ. ಮೂರು ನೀರಲ್ಲಿ ತೊಳೆದು ಬಸಿದು, ಹಳೇ ಪಂಚೆಯ ಮೇಲೆ ನೆರಳಲ್ಲಿ ಹರವಿ. ಬಿಸಿಲಿಗೆ ಹಾಕಿದಿರೋ, ಹಸಿ ಅಕ್ಕಿ ಬಿರುಕು ಬಿಟ್ಟು ಮಿಲ್ಲಿನಲ್ಲಿ ಅರ್ಧಕ್ಕರ್ಧ ಹಿಟ್ಟಾಗಿ ಹೋಗುತ್ತೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅಂಗೈಗೆ ಒಂದು ಕಾಳೂ ಅಂಟಬಾರದು, ಹಲ್ಲಲ್ಲಿ ಕಚ್ಚಿದರೆ ಟಕ್ಕೆನ್ನದೆ ಮೆತ್ತಗೆ ಮುರಿಯಬೇಕು. ಆ ಹದಕ್ಕೆ ಗಿರಣಿಗೆ ಒಯ್ದು ಉಪ್ಪಿಟ್ಟಿನ ರವೆಯಷ್ಟು ಒಡೆಸಿ. ಗಿರಣಿಯವನು ಅದಕ್ಕೆ ಮೊದಲು ರಾಗಿ ಹಾಕಿದ್ದನೋ ಕೇಳಿ, ಹಾಕಿದ್ದರೆ ಒಂದು ಪಾವು ಅಕ್ಕಿ ಸುಮ್ಮನೆ ಬಿಟ್ಟು ಕಲ್ಲು ತೊಳೆಸಿ.

ಮನೆಗೆ ತಂದಕೂಡಲೇ ಸಣ್ಣ ಜರಡಿಯಲ್ಲಿ ಹಿಟ್ಟು ಬೇರೆ ಮಾಡಿ. ಅದು ರೊಟ್ಟಿಗೆ. ಹಿಟ್ಟು ಉಳಿದ ತರಿಯಲ್ಲೇ ಕಡುಬು ಅಂಟಾಗೋದು. ಈಗ ತರಿಯನ್ನು ಎರಡು ದಿನ ಒಳ್ಳೆ ಬಿಸಿಲಿಗೆ ಹಾಕಿ, ಆಮೇಲೆ ದಪ್ಪ ತಳದ ಬಾಣಲೆಯಲ್ಲಿ ಎರಡೆರಡು ಸೇರಿನಂತೆ ಸಣ್ಣ ಉರಿಯಲ್ಲಿ ಬಾಡಿಸಿ. ಕೈ ಆಡಿಸುತ್ತಲೇ ಇರಬೇಕು. ಬಣ್ಣ ತಿರುಗಬಾರದು, ಬೆರಳಿಟ್ಟರೆ ಚುರುಕ್ಕೆನ್ನುವಷ್ಟು ಬಿಸಿಯಾದರೆ ಸಾಕು. ಎಲ್ಲರೂ ಕೆಡಿಸೋದು ಇದಾದಮೇಲೆ. ಬಿಸಿ ಇರುವಾಗಲೇ ಡಬ್ಬಿಗೆ ಸುರಿದು ಮುಚ್ಚಳ ಹಾಕುತ್ತಾರೆ. ಒಳಗಿನ ಹಬೆ ಮುಚ್ಚಳಕ್ಕೆ ನೀರಾಗಿ ಕಟ್ಟಿ ಮತ್ತೆ ತರಿಯ ಮೇಲೇ ತೊಟ್ಟಿಕ್ಕುತ್ತೆ. ಜುಲೈನಲ್ಲಿ ತೆಗೆದರೆ ಮೇಲೆ ಗಟ್ಟಿ ಪದರ, ಅಡಿಯಲ್ಲಿ ಮುಗ್ಗಲು ವಾಸನೆ. ಅಗಲ ತಟ್ಟೆಯಲ್ಲಿ ಹರವಿ, ಮಧ್ಯಕ್ಕೆ ಕೈ ಹೂತು ನೋಡಿ. ಅಲ್ಲಿಯೂ ತಣ್ಣಗಾದಮೇಲೆಯೇ ತುಂಬಿ. ಹಾಗಂತ ರಾತ್ರಿಯಿಡೀ ಬಿಟ್ಟರೆ ಇಬ್ಬನಿ ಗಾಳಿ ಕುಡಿಯುತ್ತೆ. ಸಂಜೆಗೆ ಮುಂಚೆ ಮುಚ್ಚಿಬಿಡಿ. ತೆಗೆಯುವಾಗ ಒಣ ಬಟ್ಟಲೇ ಬೇಕು. ದೊಡ್ಡ ಡಬ್ಬಿಯನ್ನು ದಿನಾ ತೆಗೆಯದೆ ವಾರಕ್ಕಾಗುವಷ್ಟು ಸಣ್ಣದಕ್ಕೆ ಹಾಕಿಕೊಳ್ಳಿ.

ಕಟ್ಟುವುದು ಸುಲಭ. ಒಂದು ಅಳತೆ ತರಿಗೆ ಎರಡು ಅಳತೆ ನೀರು, ಮೇಲೊಂದು ಕೈಚೆಲ್ಲು. ಉಪ್ಪು, ಚೂರು ಕೊಬ್ಬರಿ ಎಣ್ಣೆ ಹಾಕಿ ನೀರು ಮರಳಿದಮೇಲೆ ತರಿ ಉದುರಿಸಿ, ಗಂಟಾಗದ ಹಾಗೆ ತಿರುವಿ, ಸಣ್ಣ ಉರಿಯಲ್ಲಿ ಮುಚ್ಚಿಡಿ. ನೀರು ಇಂಗಿದಮೇಲೆ ಇಳಿಸಿ, ಕೈ ತಣ್ಣೀರಿಗದ್ದಿಕೊಂಡು ಬಿಸಿಯಲ್ಲೇ ನಾದಿ ಉಂಡೆ ಕಟ್ಟಿ. ಆರಿದಮೇಲೆ ಕಟ್ಟಿದರೆ ಬಿರುಕು ಬಿಡುತ್ತೆ. ಹಬೆ ಏರಿದಮೇಲೆ ಇಪ್ಪತ್ತು ನಿಮಿಷ ಬೇಯಲಿ.

ಇದಕ್ಕೆ ಹುರುಳಿ ಸಾರು. ಬೂದಿ ತೊಳೆದು ಕಾಳನ್ನು ರಾತ್ರಿ ನೆನೆಹಾಕಿ, ಬೇಯಿಸಿ ಕಟ್ಟು ಬಸಿದುಕೊಳ್ಳಿ. ಹುಣಸೆಹುಳಿ ಹಾಕೋದು ಕಾಳು ಬೆಂದಮೇಲೆಯೇ, ಮೊದಲೇ ಹಾಕಿದರೆ ಎಷ್ಟು ಸೌದೆ ಉರಿಸಿದರೂ ಮೆತ್ತಗಾಗೋದಿಲ್ಲ. ಖಾರಕ್ಕೆ ಸುಟ್ಟ ಬೆಳ್ಳುಳ್ಳಿ, ಸುಟ್ಟ ಈರುಳ್ಳಿ, ಒಂದು ಹಿಡಿ ಬೆಂದ ಕಾಳು, ಸಾರಿನಪುಡಿ ಒರಳಲ್ಲಿ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿ. ಮಾರನೇ ದಿನ ಕಾಯಿಸಿದರೆ ಇನ್ನೂ ರುಚಿ. ಉಳಿದ ಕಡುಬನ್ನು ಬಿಸಾಡಬೇಡಿ, ಬಿಲ್ಲೆ ಕೊಯ್ದು ಸಾಸಿವೆ, ಕರಿಬೇವು, ಮುರಿದ ಮೆಣಸಿನಕಾಯಿ ಒಗ್ಗರಣೆಯಲ್ಲಿ ಎರಡೂ ಮೈ ಕೆಂಪಾಗುವವರೆಗೆ ಬಾಡಿಸಿದರೆ ಬೆಳಗಿನ ತಿಂಡಿ ಆಯಿತು.