ಕೋಳಿಮರಿಗೆ ಫಿಟ್ಸ್ ಬಂದಾಗ ನೀರು ಹೊಯ್ಯಬೇಡಿ

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆ ಹುಡುಗ ಸಾಕಿದ್ದ ಮರಿ ಇದ್ದಕ್ಕಿದ್ದಂತೆ ಉರುಳಿ ಕಾಲು ಬಡಿಯತೊಡಗಿತು. ಅಜ್ಜಿ ಕಬ್ಬಿಣದ ಕೀಲಿಗೊಂಚಲು ತಂದು ಅದರ ಕಾಲಿಗೆ ತಾಗಿಸಿದರು. ಹುಡುಗನ ಅಪ್ಪ ಕೊಕ್ಕು ಬಿಡಿಸಿ ಒಂದು ಚಮಚ ನೀರು ಹೊಯ್ದರು. ಕೀಲಿಯಿಂದ ಏನೂ ಆಗಲಿಲ್ಲ, ನೀರಿನಿಂದ ಮರಿ ಸತ್ತಿತು. ಇಂಥದ್ದನ್ನು ನಾನು ನೋಡಿದ್ದು ಅದೇ ಮೊದಲಲ್ಲ.

1. ಫಿಟ್ಸ್ ನಡೆಯುವಾಗ ಮರಿಯನ್ನು ಅದುಮಿ ಹಿಡಿಯಬೇಡಿ. ಉಳಿದವು ಕುಕ್ಕದಂತೆ ಬೇರೆ ಮಾಡಿ, ಸುತ್ತ ಹಳೇ ಬಟ್ಟೆ ಒತ್ತಿ, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಡಾಕ್ಟರಿಗೆ ನಿಮ್ಮ ವರ್ಣನೆಗಿಂತ ಅದೇ ಉಪಯೋಗ.

2. ಫಿಟ್ಸ್ ನಿಂತ ಮೇಲೆ ಮರಿಯನ್ನು ಮಬ್ಬುಗತ್ತಲಿನ ರಟ್ಟಿನ ಡಬ್ಬಿಗೆ ಹಾಕಿ. ಮೊದಲ ವಾರದ ಮರಿಗೆ ಸುಮಾರು 35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಬನ್ನಿ. ಬಲ್ಬು ಒಂದೇ ಮೂಲೆಗಿರಲಿ, ಸೆಕೆಯಾದರೆ ಮರಿ ಸರಿದುಕೊಳ್ಳಲಿ. ಕರೆಂಟು ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ.

3. ಎಲ್ಲರೂ ಕೆಡಿಸುವುದು ಇಲ್ಲೇ. ಆರೋಗ್ಯವಾಗಿರುವ ಮರಿಯ ಬಾಯಿಯನ್ನು ಒಮ್ಮೆ ಮೆಲ್ಲಗೆ ಬಿಡಿಸಿ ನೋಡಿ. ನಾಲಿಗೆಯ ಬುಡದಲ್ಲಿ ಒಂದು ಸಣ್ಣ ಸೀಳು ತೆರೆದು ಮುಚ್ಚುತ್ತಿರುತ್ತದೆ. ಅದು ಉಸಿರಿನ ದಾರಿ. ಹೊಯ್ದ ನೀರು ಸೀದಾ ಅಲ್ಲಿಗೇ ಇಳಿಯುತ್ತದೆ. ಆದ್ದರಿಂದ ಮರಿ ತಾನಾಗಿ ಕತ್ತೆತ್ತಿ ಕಣ್ಣು ಬಿಡುವವರೆಗೆ ಒಂದು ಹನಿಯೂ ಬೇಡ, ಅರ್ಧ ಗಂಟೆಯಾದರೂ ಆಗಲಿ. ಆಮೇಲೆ ಉಗುರುಬೆಚ್ಚಗಿನ ಒಂದು ಲೋಟ ನೀರಿಗೆ ಒಂದು ಸಣ್ಣ ಚಮಚ ಸಕ್ಕರೆ ಕದಡಿ. (ಬೆಲ್ಲವೂ ಆದೀತು, ಅದರ ಕಸ ನನಗಾಗದು.) ಮರಿಯನ್ನು ಅಂಗೈಯಲ್ಲಿ ಕೂತ ಭಂಗಿಯಲ್ಲೇ ಹಿಡಿಯಿರಿ, ಅಂಗಾತ ಮಲಗಿಸಬೇಡಿ. ಸೂಜಿ ತೆಗೆದ ಸಿರಿಂಜಿನ ತುದಿಯಲ್ಲಿ ಒಂದು ಹನಿ ನಿಲ್ಲಿಸಿ, ಕೊಕ್ಕಿನ ಪಕ್ಕದ ಅಂಚಿಗೆ ಮುಟ್ಟಿಸಿ. ಒಳಗೆ ತೂರಿಸುವುದು ಬೇಡ, ಹನಿ ತಾನೇ ಜಾರುತ್ತದೆ. ಮರಿ ಕೊಕ್ಕು ಚಪ್ಪರಿಸಿ, ಕತ್ತು ಮೇಲೆತ್ತಿ ನುಂಗಿತೇ? ಆಗ ಎರಡನೆಯದು. ಐದಾರು ಹನಿಗೆ ಸಾಕು ಮಾಡಿ. ಮೂಗಿನಲ್ಲಿ ಗುಳ್ಳೆ ಬಂದರೆ, ಉಸಿರಲ್ಲಿ ಗೊರಗೊರ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಬ್ರಾಂಡಿ, ಈರುಳ್ಳಿ ರಸ ಹಿಡಿದು ಬಂದವರಿಗೆ ಕಾಫಿ ಕೊಟ್ಟು ಜಗಲಿಯಲ್ಲೇ ಕೂರಿಸಿ.

4. ಈಗ ಕಾರಣ. ಮೊದಲು ಫೀಡಿನ ಚೀಲ ಮೂಸಿ ನೋಡಿ. ನಮ್ಮ ಆಷಾಢದ ಥಂಡಿಗೆ ಫೀಡು ಮುಗ್ಗಲು ಹಿಡಿಯುತ್ತದೆ, ಅದರ ಎಣ್ಣೆಯಂಶ ಕಮಟುತ್ತದೆ, ಜೊತೆಗೆ ಇ ವಿಟಮಿನ್ನೂ ಹಾಳಾಗುತ್ತದೆ. ಅದು ಸಾಲದೇ ಹೋದ ಮರಿ, ಹೆಚ್ಚಾಗಿ 2ರಿಂದ 4 ವಾರದ್ದು, ತಲೆಯನ್ನು ಕಾಲ ಸಂದಿಗೆ ತೂರಿಸಿಕೊಂಡು ಉರುಳುತ್ತದೆ. ಕತ್ತು ಬೆನ್ನ ಮೇಲೆ ಬಾಗಿ ಆಕಾಶ ನೋಡುತ್ತ ಕೂತರೆ ಬಿ1 ವಿಟಮಿನ್ ಕೊರತೆಯ ಅನುಮಾನ. ರಕ್ತಭೇದಿಗೆ ಕೊಡುವ ಆಂಪ್ರೋಲಿಯಂ ಪುಡಿಯನ್ನು ಅಳತೆ ಮೀರಿ, ದಿನ ಮೀರಿ ಹಾಕಿದರೂ ಬಿ1 ಕಟ್ಟಿಹೋಗುತ್ತದೆ. ನಾನು ಇ ವಿಟಮಿನ್ ಕ್ಯಾಪ್ಸೂಲಿಗೆ ಸೂಜಿ ಚುಚ್ಚಿ, ದಿನಕ್ಕೊಂದು ಹನಿಯನ್ನು ಬೇಯಿಸಿದ ಮೊಟ್ಟೆಯ ಹಳದಿಯ ಚೂರಿಗೆ ಸವರಿ ಕೊಡುತ್ತೇನೆ. ಇ ಜೊತೆಗೆ ಬೇಕಾದ ಸೆಲೆನಿಯಂ ಹಳದಿಯಲ್ಲೇ ಇದೆ. ಕುಡಿಯುವ ನೀರಿಗೆ ಬಿ ಕಾಂಪ್ಲೆಕ್ಸ್ ಸಿರಪ್ಪು. ಸಂತೆಯಲ್ಲಿ ಸಿಗುವ, ಲೇಬಲ್ಲಿಲ್ಲದ ‘ಎಲ್ಲಾ ರೋಗಕ್ಕೂ ಒಂದೇ’ ಪೊಟ್ಟಣಕ್ಕೆ ಕಾಸು ಬಿಚ್ಚಬೇಡಿ.

5. ಒಂದಲ್ಲ, ನಾಲ್ಕಾರು ಮರಿ ಕತ್ತು ತಿರುಚಿ, ಹಸಿರು ಹಿಕ್ಕೆ ಹಾಕಿ, ತೇಕುತ್ತಿದ್ದರೆ ಅದು ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಅದಕ್ಕೆ ಮದ್ದಿಲ್ಲ, ಇರುವುದು ಲಸಿಕೆ ಮಾತ್ರ, ಮರಿ 5ರಿಂದ 7 ದಿನದ್ದಿರುವಾಗ ಕಣ್ಣಿಗೊಂದು ಹನಿ. ಅಂಥ ಗುಂಪನ್ನು ಬೇರೆ ಮಾಡಿ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಶಿವಮೊಗ್ಗದ ಸುತ್ತಲಿನವರಿಗೆ ವಿನೋಬನಗರದ ಪಶುವೈದ್ಯಕೀಯ ಕಾಲೇಜೂ ಇದೆ. ಫಿಟ್ಸ್ ದಿನಕ್ಕೆ ಎರಡು ಮೂರು ಸಲ ಬಂದರೆ ಒಂದೇ ಮರಿಯಾದರೂ ಒಯ್ಯಿರಿ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

6. ಚೇತರಿಸಿಕೊಳ್ಳುವ ಮರಿಗೆ ಬಟ್ಟಲಲ್ಲಿ ನೀರಿಡಬೇಡಿ. ಡಬ್ಬದ ಮುಚ್ಚಳ ಸಾಕು. ಅದರಲ್ಲೂ ನಾಲ್ಕು ಹೊಳೆಗಲ್ಲು ಹಾಕಿಡಿ, ಮತ್ತೆ ಬಿದ್ದರೂ ಮೂಗು ಮುಳುಗಬಾರದು.