ಸೂಜಿ ಮುಟ್ಟದೆ ಹಳೇ ಬ್ಯಾಗಿಗೆ ಖಣ ಹಾಕಿದ್ದು

ಮೊದ್ಲೇ ಹೇಳ್ಬಿಡ್ತೀನಿ, ನಂಗೆ ಹೊಲಿಗೆ ಬರಲ್ಲ. ಶರ್ಟಿಗೆ ಗುಂಡಿ ಹಾಕೋಕ್ ಕೂತ್ರೆ ನಮ್ಮನೆಯೋರು "ಬಿಡು ಮಾರಾಯ್ತಿ, ನಾನೇ ಹಾಕ್ಕೋತೀನಿ" ಅಂತ ಕೈಯಿಂದ ಕಿತ್ಕೋತಾರೆ. ಅಮ್ಮ ಕೊಟ್ಟ ಹೊಲಿಗೆ ಮಿಷಿನ್ ಒಂದಿದೆ, ಅದ್ರ ಮೇಲೆ ಈಗ ಮನಿ ಪ್ಲಾಂಟ್ ಕೂತಿದೆ. ಏರಿಯಾದಲ್ಲಿರೋ ಟೈಲರ್ ಹತ್ರ ಸಣ್ಣಪುಟ್ಟ ಕೆಲಸ ತಗೊಂಡ್ಹೋದ್ರೆ "ಹಬ್ಬ ಆಗ್ಲಿ ಮೇಡಂ" ಅಂತಾರೆ, ಯಾವ್ ಹಬ್ಬ ಅಂತ ಮಾತ್ರ ಹೇಳಲ್ಲ. ಹಂಗಾಗಿ ಒಂದೆರಡು ವರ್ಷದಿಂದ ಬ್ಯಾಗು, ಹೇರ್‌ಬ್ಯಾಂಡು, ಬೆಲ್ಟು, ದುಪಟ್ಟಾ ಇವೆಲ್ಲಾನೂ ಕತ್ತರಿ, ಅಂಟು, ಇಸ್ತ್ರಿಪೆಟ್ಟಿಗೆ ಈ ಮೂರ್ರಲ್ಲೇ ರಿಪೇರಿ ಮಾಡ್ಕೊಳ್ತಾ ಇದೀನಿ. ಸುಮಾರು ಹಾಳು ಮಾಡಿದೀನಿ, ಕೆಲವು ಚೆನ್ನಾಗೂ ಬಂದಿವೆ. ಅದ್ರಲ್ಲಿ ಬ್ಯಾಗ್ ಕಥೆ ದೊಡ್ಡದು, ಅದನ್ನೇ ಸರಿಯಾಗಿ ಹೇಳ್ತೀನಿ.

ನಂದೊಂದು ಬ್ರೌನ್ ಹ್ಯಾಂಡ್‌ಬ್ಯಾಗು. ಆಕಾರ ಚೆನ್ನಾಗಿದೆ, ಜಿಪ್ ಗಟ್ಟಿ ಇದೆ, ಒಳಗೆ ಮೂರು ಪಾಕೀಟು, ಆದ್ರೆ ಹೊರಗಡೆ ಚರ್ಮ ಸುಲ್ಕೊಂಡು ಬೀಳೋಕ್ ಶುರುವಾಯ್ತು. ಆಫೀಸಲ್ಲಿ ಕೂತು ಎದ್ರೆ ಸೀರೆ ಮೇಲೆಲ್ಲಾ ಬ್ರೌನ್ ಚೂರು, ನೋಡಿದೋರು ಚಾಕಲೇಟ್ ತಿಂದಿದಾಳೆ ಅನ್ಕೋಬೇಕು. ನಾವು ರೆಕ್ಸಿನ್ ರೆಕ್ಸಿನ್ ಅಂತೀವಲ್ಲ, ಈಗ ಬರೋ ಬ್ಯಾಗುಗಳಲ್ಲಿ ತುಂಬಾ ಕಡೆ ಅದು ಪಿಯು, ಅಂದ್ರೆ ಬಟ್ಟೆ ಮೇಲೆ ಬಳಿದಿರೋ ಪಾಲಿಯುರೆಥೇನ್ ಪದರ, ಗಾಳೀಲಿರೋ ತೇವ ಹೀರ್ಕೊಂಡು ಹೀರ್ಕೊಂಡು ಅದು ಒಳಗೊಳಗೇ ಸಡಿಲ ಆಗಿ ಪುಡಿ ಆಗತ್ತೆ. ಉಪಯೋಗಿಸದೆ ಬೀರುಲಿ ಜೋಪಾನವಾಗಿ ಇಟ್ರೂ ಅಷ್ಟೇ. "ಹೊಸದಾಗೇ ಇತ್ತು, ಎರಡ್ಸಲ ಹಾಕಿದ್ದೆ ಅಷ್ಟೇ" ಅಂತ ನಾವು ಅಳೋದು ಇದಕ್ಕೇನೇ. ಅದ್ರ ಮೇಲೆ ಪಾಲಿಶ್ ಹಚ್ಚಿದ್ರೂ, ಸ್ಕೆಚ್ ಪೆನ್ ತೀಡಿದ್ರೂ ಪ್ರಯೋಜನ ಇಲ್ಲ, ಎರಡೂ ಮಾಡಿ ನೋಡಿದೀನಿ.

ಇನ್ನೊಂದ್ ಕಡೆ ಬೀರುಲಿ ಬ್ಲೌಸ್ ಪೀಸ್ ರಾಶಿ. ಎಲ್ಲರ ಮನೇಲೂ ಇರತ್ತೆ ಇದು, ವರಮಹಾಲಕ್ಷ್ಮಿಗೆ ಕೊಟ್ಟಿದ್ದು, ಗೃಹಪ್ರವೇಶದಲ್ಲಿ ಕೊಟ್ಟಿದ್ದು, ನಾವ್ ಇನ್ಯಾರಿಗೋ ಕೊಟ್ಟು ಅದು ಸುತ್ತಾಡ್ಕೊಂಡು ನಮ್ಮನೆಗೇ ವಾಪಸ್ ಬಂದಿದ್ದು. ಅದ್ರ ಮಧ್ಯೆ ನಮ್ಮತ್ತೆ ಬಾಗಲಕೋಟೆ ಕಡೆಯಿಂದ ತಂದು ಉಡಿ ತುಂಬಿದ್ದ ಗುಳೇದಗುಡ್ಡದ ಖಣ ನಾಲ್ಕು ಇತ್ತು, ತ್ರಿಕೋನ ಆಕಾರದಲ್ಲಿ ಮಡಚಿದ್ದು ಮಡಚಿದ ಹಾಗೇ ಇತ್ತು. ಮೈಯೆಲ್ಲಾ ಸಣ್ಣಸಣ್ಣ ನೇಯ್ಗೆ ಬುಟ್ಟಾ, ಎರಡೂ ಬದಿಗೆ ಬೇರೆ ಬಣ್ಣದ ಅಂಚು. ಅಗಲ ಅಳೆದು ನೋಡಿದ್ರೆ 31 ಇಂಚು. ಅದನ್ನ ಬ್ಯಾಗಿಗೆ ಹಾಕ್ತೀನಿ ಅಂದಾಗ ಅತ್ತೆ ಫೋನಲ್ಲೇ "ಹರದ ಚೀಲಕ್ಕ ಹೊಸಾ ಖಣ ಯಾಕ ಹಾಳ ಮಾಡ್ತೀಯವಾ?" ಅಂದ್ರು. ನಾನು ಹೆಂಗೂ ಹೊಲಿಸಲ್ಲ ಅತ್ತೆ, ಬೀರುಲಿ ಇದ್ದು ಹಾಳಾಗೋ ಬದ್ಲು ಕೈಯಲ್ಲಿದ್ದು ಹಾಳಾಗ್ಲಿ ಅಂದೆ. ಅವ್ರಿಗೆ ಒಪ್ಪಿಗೆ ಆಗ್ಲಿಲ್ಲ.

ಮೊದಲ್ನೇ ಸಲ ಮಾಡಿದ್ದು ಪೂರ್ತಿ ಫ್ಲಾಪ್. ಸುಲೀತಿರೋ ಚರ್ಮದ ಮೇಲೇ ಬಟ್ಟೆ ಅಂಟಿಸ್ದೆ. ಅಂಟು ಗಟ್ಟಿಯಾಗೇ ಹಿಡೀತು, ಆದ್ರೆ ಹಿಡಿದಿದ್ದು ಆ ಸಡಿಲ ಚೂರುಗಳ್ನ, ಬ್ಯಾಗನ್ನಲ್ಲ. ಹದಿನೈದು ದಿನಕ್ಕೆ ಖಣದ ಸಮೇತ ಇಡೀ ಪದರ ದೋಸೆ ಎದ್ದ ಹಾಗೆ ಎದ್ದು ಬಂತು. ಎರಡನೇ ಸಲ ಬುದ್ಧಿ ಬಂದು ಮೊದ್ಲು ಕೆರೆಯೋಕೆ ಕೂತೆ. ಹಳೇ ಸ್ಟೀಲ್ ಚಮಚದ ಅಂಚಲ್ಲಿ ಕೆರೆಯೋದು, ಅಗಲ ಸೆಲೋಟೇಪ್ ಒತ್ತಿ ಪರ್ ಅಂತ ಕೀಳೋದು, ಮತ್ತೆ ಕೆರೆಯೋದು. ಟೇಪಿಗೆ ಚೂರು ಅಂಟ್ಕೊಂಡು ಬರೋದು ಪೂರ್ತಿ ನಿಲ್ಲೋವರೆಗೂ ಬಿಡಬಾರ್ದು. ಒಂದ್ ಭಾನುವಾರ ಮಧ್ಯಾಹ್ನ ಪೂರ್ತಿ ಇದಕ್ಕೇ ಹೋಯ್ತು, ಉಗುರು ಸಂದಿಯೆಲ್ಲಾ ಬ್ರೌನು, ಕೆಳಗೆ ಪೇಪರ್ ಹಾಸಿದ್ರೂ ಸೋಫಾ ಸಂದೀಲಿ ಇವತ್ತಿಗೂ ಚೂರು ಸಿಗ್ತವೆ. ಕೊನೆಗೆ ಒಳಗಿನ ಬಿಳಿ ಜಾಳು ಬಟ್ಟೆ ಕಾಣ್ತು. ಅಂಟು ಅದಕ್ಕೆ ಹಿಡೀಬೇಕು.

ಆಮೇಲೆ ಬಣ್ಣದ ವಿಷ್ಯ. ಖಣದ ಮೂಲೆ ಒದ್ದೆ ಮಾಡಿ ಬಿಳೀ ಕರ್ಚೀಫಲ್ಲಿ ಒತ್ತಿ ನೋಡಿ. ನಂದು ಕೆಂಪು ಖಣ, ಕರ್ಚೀಫ್ ಗುಲಾಬಿ ಆಯ್ತು. ಅಂದ್ರೆ ನೀರಿನ ಅಂಶ ಇರೋ ಬಿಳೀ ಅಂಟು ಹಚ್ಚಿದ್ರೂ ಬಣ್ಣ ಬಿಡತ್ತೆ, ಮಳೇಲಿ ನೆಂದ್ರಂತೂ ಕೇಳೋದೇ ಬೇಡ. ಆ ಬಿಳೀ ಅಂಟಿಗೆ ಇನ್ನೊಂದು ಕಾಯಿಲೆ ಇದೆ, ಒಣಗಿದ್ಮೇಲೆ ಹಪ್ಪಳದ ಥರ ಗಟ್ಟಿಯಾಗತ್ತೆ, ಬ್ಯಾಗ್ ಮಡಚಿದ ಕಡೆಯೆಲ್ಲಾ ಗೆರೆ ಬೀಳತ್ತೆ. ಹಂಗಂತ ಏನ್ ಹಚ್ಚೋದು ಅಂತ ಗೊತ್ತಾಗ್ದೆ ಬಸ್ ಸ್ಟಾಪ್ ಹತ್ರ ಕೂರೋ ಚಪ್ಪಲಿ ರಿಪೇರಿಯವ್ರನ್ನ ಕೇಳ್ದೆ. ಅವ್ರು ಡಬ್ಬೀಲಿರೋ ಹಳದಿ ಅಂಟು ತೋರ್ಸಿದ್ರು, ರಬ್ಬರ್ ಅಂಟು ಅದು, ಹಾರ್ಡ್‌ವೇರ್ ಅಂಗಡೀಲಿ ಸಣ್ಣ ಟ್ಯೂಬಲ್ಲೂ ಸಿಗತ್ತೆ. "ಎರಡ್ ಕಡೆನೂ ತೆಳ್ಳಗೆ ಸವರಿ, ಮುಟ್ಟಿದ್ರೆ ಬೆರಳಿಗೆ ಬರಬಾರ್ದು ಅಷ್ಟ್ ಒಣಗಿದ್ಮೇಲೆ ಅಂಟ್ಸಮ್ಮ, ಹಸಿ ಇದ್ದಾಗ ಅಂಟ್ಸಿದ್ರೆ ಜಾರತ್ತೆ" ಅಂದ್ರು. ನಾನು ಇಷ್ಟ್ ವರ್ಷ ಅಂಟು ಅಂದ್ರೆ ಹಸಿ ಇದ್ದಾಗ್ಲೇ ಒತ್ಬೇಕು ಅನ್ಕೊಂಡಿದ್ದೆ. ಇದ್ರಲ್ಲಿ ಹತ್ತು ಹದಿನೈದು ನಿಮಿಷ ಕಾಯ್ಬೇಕು, ಕಾದು ಇಟ್ರೆ ಇಟ್ಟ ತಕ್ಷಣ ಕಚ್ಕೊಳತ್ತೆ, ಮತ್ತೆ ಎತ್ತಿ ಸರಿ ಮಾಡೋಕಾಗಲ್ಲ. ಅದಕ್ಕೇ ಮಧ್ಯೆ ಒಂದು ಬೇಕಿಂಗ್ ಪೇಪರ್ ಇಟ್ಕೊಂಡು, ಒಂದ್ ಕಡೆಯಿಂದ ಅಂಟಿಸ್ತಾ ಪೇಪರ್ ಎಳ್ಕೊಂಡ್ ಬರ್ಬೇಕು. ವಾಸನೆ ಜಾಸ್ತಿ, ಕಿಟಕಿ ತೆಗೆದು ಮಾಡಿ, ಒಲೆ ಹತ್ರ ಬೇಡವೇ ಬೇಡ.

ಈ ಅಂಟು ತೆಳು ಬಟ್ಟೆಯಿಂದ ಮೇಲಕ್ಕೆ ಜಿನುಗಿ ಹಳದಿ ಕಲೆ ಆಗತ್ತೆ. ಅದಕ್ಕೆ ನಾನು ಕಂಡ್ಕೊಂಡಿದ್ದು ಅಂಟೋ ಕ್ಯಾನ್ವಾಸ್, ಬ್ಲೌಸ್ ಕತ್ತಿಗೆ ಸ್ಟಿಫ್ ಆಗ್ಲಿ ಅಂತ ಟೈಲರ್ಸ್ ಹಾಕ್ತಾರಲ್ಲ ಅದು. ಚಿಕ್ಕಪೇಟೆ, ಅವೆನ್ಯೂ ರೋಡ್ ಕಡೆ ಹೋದ್ರೆ ಮೀಟರ್ ಲೆಕ್ಕದಲ್ಲಿ ಸಿಗತ್ತೆ, ಹತ್ತಿರದ ಲೈನಿಂಗ್ ಅಂಗಡೀಲೂ ಇರತ್ತೆ. ಒಂದು ಮಗ್ಗುಲು ಕೈಗೆ ಒರಟೊರಟಾಗಿ ಸಿಗತ್ತೆ, ಬೆಳಕಿಗೆ ಹಿಡಿದ್ರೆ ಸಣ್ಣ ಚುಕ್ಕಿ ಹೊಳೀತವೆ, ಆ ಮಗ್ಗುಲು ಖಣದ ಹಿಂಭಾಗಕ್ಕೆ ಬರ್ಬೇಕು. ನಾನು ಒಂದ್ಸಲ ಉಲ್ಟಾ ಇಟ್ಟು ಇಸ್ತ್ರಿ ಮಾಡಿ ಕ್ಯಾನ್ವಾಸ್ ಪೆಟ್ಟಿಗೆಗೇ ಅಂಟ್ಕೊಂಡು, ಪೇಪರ್ ಮೇಲೆ ಕಲ್ಲುಪ್ಪು ಹಾಕಿ ಬಿಸಿ ಪೆಟ್ಟಿಗೆ ಉಜ್ಜಿ ಉಜ್ಜಿ ಬಿಡಿಸಿದ್ದಾಯ್ತು. ಪೆಟ್ಟಿಗೇನ ಆ ಕಡೆ ಈ ಕಡೆ ಎಳೀಬಾರ್ದು, ಒಂದೊಂದ್ ಜಾಗದಲ್ಲಿ ಹತ್ತು ಸೆಕೆಂಡ್ ಒತ್ತಿ ಎತ್ತಿ ಇಡ್ಬೇಕು. ರೇಷ್ಮೆ ಇದ್ರೆ ಎರಡು ಚುಕ್ಕಿ ಸೆಟ್ಟಿಂಗು, ಅದು ಸುಮಾರು 150 ಡಿಗ್ರಿ, ಹತ್ತಿಗೆ ಮೂರು ಚುಕ್ಕಿ, 200 ಡಿಗ್ರಿ. ಬಟ್ಟೆ ಯಾವುದು ಅಂತ ಗೊತ್ತಿಲ್ದಿದ್ರೆ ಒಂದೆರಡು ಎಳೆ ಕಿತ್ತು ದೀಪಕ್ಕೆ ಹಿಡೀರಿ. ಕೂದಲು ಸುಟ್ಟ ವಾಸನೆ ಬಂದ್ರೆ ರೇಷ್ಮೆ, ಪೇಪರ್ ಸುಟ್ಟ ಹಾಗಿದ್ರೆ ಹತ್ತಿ, ಕರಗಿ ಗಟ್ಟಿ ಮಣಿ ಥರ ಆದ್ರೆ ಪಾಲಿಯೆಸ್ಟರು. ನನ್ನ ಹತ್ರ "ಪ್ಯೂರ್ ಸಿಲ್ಕ್" ಅಂತ ಬಂದಿದ್ದ ಎರಡು ಬ್ಲೌಸ್ ಪೀಸು ಮಣಿ ಆದ್ವು. ಯಾರು ಕೊಟ್ಟಿದ್ದು ಅಂತ ನೆನಪಿದೆ, ಹೇಳಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ್ದು. ಹೊಲಿಗೆ ಇಲ್ಲದ ಕೆಲಸ ಅಂದ್ರೆ ಎಲ್ಲರೂ "ಯಾವ ಅಂಟು" ಅಂತಾನೇ ಕೇಳ್ತಾರೆ, ನಾನೂ ಹಂಗೇ ಶುರು ಮಾಡಿದ್ದು. ನಿಜವಾದ ತಲೆನೋವು ಅಂಟಲ್ಲ, ಕತ್ತರಿಸಿದ ಬದಿ. ಕತ್ತರಿ ಹಾಕಿದ ಕಡೆಯಿಂದ ಎಳೆ ಬಿಚ್ಕೊಂಡು ಬರತ್ತೆ, ಟೈಲರ್ ಅದನ್ನ ಮಡಚಿ ಹೊಲೀತಾರೆ, ನಾವೇನ್ ಮಾಡೋದು? ಖಣ ಇಲ್ಲಿ ಉಪಕಾರಕ್ಕೆ ಬಂತು. ಅದ್ರ ಎರಡೂ ಅಂಚು ಮಗ್ಗದಲ್ಲೇ ಮುಗಿದಿರೋದು, ಅಲ್ಲಿ ಎಳೆ ಬಿಚ್ಚಲ್ಲ. ಹಂಗಾಗಿ ಎಲ್ಲರ ಕಣ್ಣಿಗೆ ಬೀಳೋ ಜಾಗಕ್ಕೆ, ಅಂದ್ರೆ ಬ್ಯಾಗಿನ ಬಾಯಿ ಹತ್ರ ಜಿಪ್ಪಿನ ಪಕ್ಕಕ್ಕೆ, ಆ ಅಂಚು ಬರೋ ಹಾಗೆ ಇಟ್ಟೆ. ಕೆಂಪು ಮೈಗೆ ಹಸಿರು ಅಂಚು, ಬೇಕೂಂತಲೇ ಪೈಪಿಂಗ್ ಕೊಟ್ಟ ಹಾಗೆ ಕಾಣತ್ತೆ. ಕತ್ತರಿಸಿದ ಬದಿಗಳೆಲ್ಲಾ ತಳಕ್ಕೂ ಪಕ್ಕಕ್ಕೂ ಹೋದ್ವು. ಅಲ್ಲಿ ಮುಕ್ಕಾಲು ಇಂಚು ಒಳಗೆ ಮಡಚಿ, ಮಧ್ಯೆ ಹೆಮ್ಮಿಂಗ್ ಟೇಪ್ (ಇಸ್ತ್ರಿ ಬಿಸಿಗೆ ಕರಗಿ ಎರಡು ಪದರಾನೂ ಅಂಟಿಸೋ ಪಟ್ಟಿ) ಇಟ್ಟು, ಒದ್ದೆ ಕರ್ಚೀಫ್ ಹಾಸಿ ಇಸ್ತ್ರಿ ಒತ್ತಿದ್ರೆ ಮಡಿಕೆ ಅಲ್ಲೇ ಕೂರತ್ತೆ. ಇಷ್ಟೆಲ್ಲಾ ಬ್ಯಾಗಿಗೆ ಅಂಟಿಸೋಕ್ ಮುಂಚೆ, ಟೇಬಲ್ ಮೇಲೇ ಆಗ್ಬೇಕು. ಅಳತೆಗೆ ಬ್ಯಾಗ್ ಮೇಲೆ ನ್ಯೂಸ್‌ಪೇಪರ್ ಒತ್ತಿ ಉಗುರಲ್ಲಿ ಗೀರ್ಕೊಂಡೆ, ಅದೇ ನನ್ನ ಪ್ಯಾಟರ್ನು. ಮೂಲೆ ದುಂಡಗಿರೋ ಕಡೆ ಮಡಚೋ ಭಾಗಕ್ಕೆ ಸಣ್ಣಸಣ್ಣ ಕಟ್ ಕೊಡ್ಬೇಕು, ಇಲ್ದಿದ್ರೆ ಕಡುಬಿನ ಅಂಚಿನ ಹಾಗೆ ನೆರಿಗೆ ಬರತ್ತೆ. ನಂದು ಎಡಗಡೆ ಮೂಲೇಲಿ ಈಗ್ಲೂ ಕಡುಬಿದೆ, ಮೈ ಕಡೆ ತಿರುಗಿಸಿ ಹಾಕ್ಕೋತೀನಿ.

ಅಂಟಿಸಿ ಆದ್ಮೇಲೆ ರಾತ್ರಿಯೆಲ್ಲಾ ಮೇಲೆ ಡಿಕ್ಷನರಿ, ಅದ್ರ ಮೇಲೆ ಕುಕ್ಕರ್ ಇಟ್ಟು ಬಿಟ್ಟೆ. ಎಂಟು ತಿಂಗಳಾಯ್ತು, ಹಾಗೇ ಇದೆ.

ಹೇರ್‌ಬ್ಯಾಂಡ್ ಇದಕ್ಕಿಂತ ಸುಲಭ, ಮಿಕ್ಕಿದ ಚೂರಲ್ಲೇ ಆಗತ್ತೆ. ಪ್ಲಾಸ್ಟಿಕ್ ಬ್ಯಾಂಡಿಗೆ ಒಂದಿಂಚು ಅಗಲದ ಪಟ್ಟಿ ಓರೆಯಾಗಿ ಸುತ್ಕೊಂಡು ಹೋಗಿ, ಎರಡು ತುದೀಲಿ ಮಾತ್ರ ಗ್ಲೂ ಗನ್ ಚುಕ್ಕಿ. ಸಣ್ಣ 20 ವ್ಯಾಟಿನ ಗನ್ನು, 7 ಎಂಎಂ ಕಡ್ಡಿ ಹಾಕೋದು, ಮನೆ ಕೆಲಸಕ್ಕೆ ಅದು ಸಾಕು. ಇಲ್ಲೊಂದು ಎಚ್ಚರಿಕೆ. ಗನ್ ಬಿಸಿಯಾಗೋಕೆ ಕಾಯೋ ತಾಳ್ಮೆ ಇಲ್ದೆ ಒಂದ್ಸಲ ಸಣ್ಣ ಟ್ಯೂಬಲ್ಲಿ ಬರೋ ಸೂಪರ್ ಗ್ಲೂ ಹತ್ತಿ ಬಟ್ಟೆಗೆ ಹಾಕ್ಬಿಟ್ಟೆ, ಮೂರ್ನಾಲ್ಕು ಸೆಕೆಂಡಲ್ಲಿ ಅಲ್ಲಿಂದ ಸಣ್ಣಗೆ ಹೊಗೆ ಬಂತು, ಬೆರಳು ಚುರ್ ಅಂತು. ಹತ್ತಿಗೆ ಆ ಅಂಟು ಬಿದ್ರೆ ಎಷ್ಟು ಬೇಗ ಗಟ್ಟಿಯಾಗತ್ತೆ ಅಂದ್ರೆ ಅದ್ರಲ್ಲೇ ಸುಡೋಷ್ಟು ಶಾಖ ಹುಟ್ಟತ್ತೆ. ಮಗಳು ಪಕ್ಕದಲ್ಲೇ ಕೂತಿದ್ಲು, ಅವಳ ಕೈ ಮೇಲೆ ಬಿದ್ದಿದ್ರೆ ಏನ್ ಗತಿ. ಅವತ್ತಿಂದ ಆ ಟ್ಯೂಬ್ ಫ್ರಿಜ್ ಮೇಲೆ.

ಗ್ಲೂ ಗನ್ನಿಗೂ ಮಿತಿ ಇದೆ. ಒಂದು ಕ್ಲಚ್‌ಗೆ, ಅಂದ್ರೆ ಕೈಯಲ್ಲಿ ಹಿಡ್ಕೊಳ್ಳೋ ಪುಟ್ಟ ಪರ್ಸಿಗೆ, ಕುಂದನ್ ಲೇಸ್ ಅಂಟಿಸ್ಕೊಂಡು ಏಪ್ರಿಲ್‌ನಲ್ಲಿ ಮದುವೆಗೆ ಹೋಗಿದ್ವಿ, ಛತ್ರದಲ್ಲಿ ಊಟ ಮುಗಿಸಿ ಬರೋ ಹೊತ್ತಿಗೆ ಕಾರಲ್ಲಿ ಬಿಟ್ಟಿದ್ದ ಕ್ಲಚ್‌ನಿಂದ ಲೇಸು ಅರ್ಧಕ್ಕರ್ಧ ಜಾರಿ ಕೂತಿತ್ತು. ಬಿಸಿಗೆ ಕರಗಿ ಅಂಟೋದು ಬಿಸಿಗೇ ಬಿಡತ್ತೆ, ಅದ್ರಲ್ಲಿ ಆಶ್ಚರ್ಯ ಏನಿಲ್ಲ, ಆದ್ರೆ ಆವಾಗ ಹೊಳೀಲಿಲ್ಲ.

ಬೆಲ್ಟ್ ಎರಡೇ ಮಾತಲ್ಲಿ ಮುಗ್ಸ್ತೀನಿ. ನಮ್ಮನೆಯೋರು ವಾಕಿಂಗ್ ಶುರು ಮಾಡಿ ಹೊಟ್ಟೆ ಇಳಿಸಿದ್ರು (ಈಗ ವಾಪಸ್ ಬಂದಿದೆ), ಮೊಳೆ ಕಾಯಿಸಿ ಹೊಸ ತೂತು ಹಾಕಿ ಕೊಟ್ಟೆ, ಅಡ್ಡಾದಿಡ್ಡಿ ಆಯ್ತು, ಚರ್ಮ ಸುಟ್ಟ ವಾಸನೆಗೆ ಪಕ್ಕದ ಮನೆ ಆಂಟಿ ಬಂದು ಕೇಳಿದ್ರು. ಉದ್ದ ತೀರಾ ಜಾಸ್ತಿ ಇದ್ರೆ ತೂತಿನ ಕಡೆ ಕತ್ತರಿಸ್ಲೇಬೇಡಿ, ಬಕಲ್ ಹಿಂದೆ ಸಣ್ಣ ಸ್ಕ್ರೂ ಅಥವಾ ಹಲ್ಲಿನ ಕ್ಲಿಪ್ ಇದ್ರೆ ಅದನ್ನ ಬಿಚ್ಚಿ, ಆ ಕಡೆಯಿಂದ ಕತ್ತರಿಸಿ ವಾಪಸ್ ಸಿಕ್ಕಿಸಿ.

ಅಂಟೂ ಬೇಡ ಅನ್ನೋರಿಗೆ ದುಪಟ್ಟಾ. ಹತ್ತಿ ದುಪಟ್ಟಾ ತುದೀಲಿ ಹೊಕ್ಕಿನ ಎಳೆ, ಅಂದ್ರೆ ಅಡ್ಡ ಎಳೆ, ಒಂದೊಂದೇ ಪಿನ್ನಲ್ಲಿ ಎತ್ತಿ ಎಳೀತಾ ಹೋದ್ರೆ ಮೂರಿಂಚು ಉದ್ದ ಹಾಸಿನ ಎಳೆ ಮಾತ್ರ ಉಳಿಯತ್ತೆ. ಇಪ್ಪತ್ತು ಎಳೆಗೊಂದು ಗಂಟು, ಮುಂದಿನ ಸಾಲಲ್ಲಿ ಅಕ್ಕಪಕ್ಕದ ಅರ್ಧರ್ಧ ಸೇರಿಸಿ ಇನ್ನೊಂದು ಗಂಟು, ಬಲೆ ಥರ ಕುಚ್ಚು ಬರತ್ತೆ. ಸೀರಿಯಲ್ ನೋಡ್ತಾ ಮಾಡೋ ಕೆಲಸ. ಬೆರಳಲ್ಲಿ ಗಂಟು ಬಿಗಿಯೋ ಬದ್ಲು ಕುಣಿಕೆಯೊಳಗೆ ಪಿನ್ ಇಟ್ಟು ಜಾರಿಸಿದ್ರೆ ಎಲ್ಲಾ ಗಂಟೂ ಒಂದೇ ಮಟ್ಟದಲ್ಲಿ ಕೂರ್ತವೆ.

ಬ್ಯಾಗಲ್ಲಿ ನಂಗೆ ಇನ್ನೂ ಬಗೆಹರಿಯದೇ ಇರೋದು ಹಿಡಿ. ಮೈಗೆ ಹಾಕಿದ ಹಾಗೇ ಹಿಡಿಗೂ ಖಣ ಸುತ್ತಿ ಅಂಟಿಸಿದ್ದೆ, ಕೈ ಬೆವರಿಗೆ ಎರಡೇ ತಿಂಗಳಲ್ಲಿ ಕಪ್ಪಾಗಿ ಜಿಡ್ಡಾಯ್ತು, ಒಗೆಯೋಕೂ ಬರಲ್ಲ. ಕಿತ್ತು ಹಾಕ್ದೆ. ಈಗ ಹಳೇ ಸ್ಕಾರ್ಫ್ ಒಂದನ್ನ ಉದ್ದಕ್ಕೆ ಮಡಚಿ ಹಿಡಿಗೆ ಬಿಗಿಯಾಗಿ ಸುತ್ತಿ ಎರಡೂ ಕೊನೆ ಗಂಟು ಹಾಕಿದೀನಿ, ಭಾನುವಾರ ಬಿಚ್ಚಿ ಒಗೆದು ಸೋಮವಾರ ಸುತ್ಕೊಂಡು ಹೋಗ್ತೀನಿ. ಕಳೆದ ತಿಂಗಳು ಅತ್ತೆ ಬಂದಿದ್ರು, ಬ್ಯಾಗನ್ನ ತಿರುಗಿಸಿ ತಿರುಗಿಸಿ ನೋಡಿ, ಸೀದಾ ಎಡಗಡೆ ಮೂಲೆಗೇ ಬೆರಳಿಟ್ಟು, "ಇಲ್ಲೆ ಯಾಕ ಹಿಂಗ ಮುದ್ದಿ ಆಗೇತಿ?" ಅಂದ್ರು.