ಕತ್ತು ಅಗಲವಾಗಿ ಭುಜ ಜಾರುತ್ತಿದ್ದ ಕ್ರೋಶಾ ಟಾಪ್

ಕೊಕ್ಕೆ ಕಡ್ಡಿಯಲ್ಲಿ (ಕ್ರೋಶಾ) ಹೆಣೆದ ಹತ್ತಿ ನೂಲಿನ ಟಾಪ್. ಒಂದೆರಡು ಸಲ ತೊಟ್ಟರೆ ಕತ್ತು ಅಗಲ, ಭುಜ ತೋಳಿನತ್ತ ಇಳಿತ. ಹತ್ತಿಗೆ ಉಣ್ಣೆಯಂತೆ ಹಿಗ್ಗಿ ಮರಳುವ ಗುಣವಿಲ್ಲ, ಭಾರವೆಲ್ಲ ಭುಜದ ಮೇಲೆ.

ಸರಿಪಡಿಸಲು ಹಾಕಿದ ಗಂಜಿ ಒಂದು ಒಗೆತಕ್ಕೇ ಮುಗಿಯಿತು. ಎಲಾಸ್ಟಿಕ್ ದಾರ ಕತ್ತನ್ನು ಸುಕ್ಕಾಗಿಸಿತು. ಇಡೀ ಟಾಪನ್ನು ಸಣ್ಣ ಕಡ್ಡಿಯಲ್ಲಿ ಹೆಣೆದರೆ ಗೋಣಿತಟ್ಟಿನಂತೆ ಬಿರುಸು.

ಫಲ ಕೊಟ್ಟದ್ದು 6 ಮಿ.ಮೀ. ಅಗಲದ ಹತ್ತಿ ಟ್ವಿಲ್ ಟೇಪ್, ಅಂದರೆ ಓರೆ ನೇಯ್ಗೆಯ, ಹಿಗ್ಗದ ಬಟ್ಟೆಪಟ್ಟಿ. ಮೊದಲು ಅದನ್ನು ಬಿಸಿನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ. ಭುಜದ ತುದಿಯಿಂದ ಹಿಂಗತ್ತಿನ ಮೇಲೆ ಹಾದು ಇನ್ನೊಂದು ತುದಿಗೆ ಎಷ್ಟಿರಬೇಕೋ ಅಷ್ಟೇ ಅಳತೆ, ಮಡಿಕೆಗೆ ಎರಡೂ ಕಡೆ 1 ಸೆಂ.ಮೀ. ಟಾಪಿನ ಒಳಮೈಗೆ ನಡುವಿನಿಂದ ಗುಂಡುಸೂಜಿ ಚುಚ್ಚುತ್ತಾ ಹಿಗ್ಗಿದ ಹೆಣಿಗೆಯನ್ನು ಟೇಪಿನುದ್ದಕ್ಕೂ ಸಮನಾಗಿ ಹಂಚಿ, ಎರಡೂ ಅಂಚು ಕೈಹೊಲಿಗೆ ಹಾಕಿ. ಮಷಿನ್ ಬೇಡ, ಹೆಣಿಗೆ ಎಳೆದುಕೊಳ್ಳುತ್ತದೆ. 4 ಮಿ.ಮೀ. ಕಡ್ಡಿಯ ಹೆಣಿಗೆಯಾದರೆ ಕತ್ತಿನ ಸುತ್ತ 3 ಮಿ.ಮೀ. ಕಡ್ಡಿಯಲ್ಲಿ ಒಂದು ಸಾಲು ಸ್ಲಿಪ್ ಸ್ಟಿಚ್ (ಎತ್ತರ ಬಾರದ ಗಿಡ್ಡ ಕ್ರೋಶಾ ಕುಣಿಕೆ). ತಲೆ ತೂರುತ್ತದೆಯೇ ಎಂದು ನೋಡಿಯೇ ದಾರ ಕತ್ತರಿಸಿ.